ಮಳೆಯೊಳಗೆ ಗಂಟೆ ಕೇಳೋದು ಹೇಗೆ?

ಹೊರನಾಡಿನ ಮಳೆಗಾಲ ನೆನಪಿಸಿಕೊಳ್ಳಿ. ತಗಡಿನ ಮೇಲೆ ಮಳೆ, ಜೀರುಂಡೆ, ಬಸ್ಸಿನ ಹಾರನ್, ಅನ್ನಪೂರ್ಣೇಶ್ವರಿ ದೇವಸ್ಥಾನದ ಗಂಟೆ. ಕಿವಿತಮಟೆಗೆ ತಲುಪೋದು ಇವೆಲ್ಲ ಬೆರೆತ ಒಂದೇ ಕಂಪನ. ಬಿಡಿಸೋದು ಮೆದುಳು. ಒಟ್ಟಿಗೆ ಶುರುವಾದ, ಒಂದೇ ದಿಕ್ಕಿನಿಂದ ಬಂದ ಸದ್ದುಗಳನ್ನು ಒಂದೇ ಮೂಲದ್ದು ಅಂತ ಗುಂಪು ಮಾಡುತ್ತೆ. ಮನೋವಿಜ್ಞಾನಿ ಆಲ್ಬರ್ಟ್ ಬ್ರೆಗ್‌ಮನ್ 1990ರಲ್ಲಿ ಇದರ ಬಗ್ಗೆಯೇ ದೊಡ್ಡ ಪುಸ್ತಕ ಬರೆದರು.

ದಿಕ್ಕು ತಿಳಿಯೋಕೆ ಎರಡೂ ಕಿವಿ ಬೇಕು. ಬಲಗಡೆಯ ಸದ್ದು ಬಲಗಿವಿಗೆ ತುಸು ಮೊದಲು ಸಿಗುತ್ತೆ. ಮಿಲಿಸೆಕೆಂಡಿಗೂ ಕಡಿಮೆಯ ಆ ಅಂತರವನ್ನೂ ಮೆದುಳು ಹಿಡಿಯುತ್ತೆ.

ಮೂಡಿಗೆರೆ ಕಡೆ ಕಾಫಿ ತೋಟಗಳಲ್ಲಿ ಕಾಡಾನೆ ಓಡಾಡುತ್ತವೆ. ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿದ್ದರೆ, ಕೊಂಬೆ ಮುರಿದದ್ದು ಯಾವ ಕಡೆ ಅಂತ ತಿಳಿಯೋದು ಕಷ್ಟ. ತೋಟದ ದಾರಿಯಲ್ಲಿ ಇದ್ದೀರಾ? ನಮ್ಮನ್ನೂ ನಿಲ್ಲಿಸಿ. ಉಳಿದದ್ದು ಮನೆ ಸೇರಿ ಕೇಳಿ.