ಹೊಲದ ಮೊಲ ಹೊಲದಲ್ಲಿರಲಿ, ಗೂಡಿನ ಮೊಲ ಅಡಿಗೆಗೆ ಬರಲಿ



ರಾಗಿ ಕೊಯ್ಯುವಾಗ ಪೈರಿನ ಮರೆಯಿಂದ ಮೊಲ ಚಂಗನೆ ನೆಗೆದು ಓಡುವುದನ್ನು ನೀವೆಲ್ಲ ಕಂಡವರೇ. ಯುಗಾದಿಯ ಆಸುಪಾಸಿನಲ್ಲಿ ಬಲೆ ಹಿಡಿದು, ನಾಯಿ ಕರೆದುಕೊಂಡು ಬೇಟೆಗೆ ಹೋಗುವ ರೂಢಿಯೂ ಕೆಲವು ಹಳ್ಳಿಗಳಲ್ಲಿ ಇತ್ತು. ಮೊಲದ ಸಾರು ರುಚಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ಮೊಲ, ಹೇಗೆ ಬೇಯಿಸಿದ್ದು ಎಂಬುದನ್ನು ಇವತ್ತು ಸ್ವಲ್ಪ ವಿಚಾರ ಮಾಡೋಣ.

ಮೊದಲು ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಡುಮೊಲವನ್ನು ಹಿಡಿಯುವುದು, ಕೊಲ್ಲುವುದು, ಅದರ ಮಾಂಸ ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. 'ನಮ್ಮ ಹೊಲದಲ್ಲೇ ಸಿಕ್ಕಿತಲ್ಲ' ಎಂದರೆ ನಡೆಯುವುದಿಲ್ಲ. ಒಂದು ಹೊತ್ತಿನ ಊಟಕ್ಕಾಗಿ ಮನೆಯ ಯಜಮಾನ ಕೋರ್ಟು ಕಚೇರಿ ಅಲೆದರೆ ಬಿತ್ತನೆಯ ಗತಿ ಏನು?

ಇನ್ನು ಆರೋಗ್ಯದ ಮಾತು. ಚೆನ್ನಾಗಿರುವ ಮೊಲ ಸುಲಭವಾಗಿ ಕೈಗೆ ಸಿಗುವುದಿಲ್ಲ. ಸಿಕ್ಕಿತು ಅಂದರೆ ಅದಕ್ಕೆ ರೋಗ ಇರಬಹುದು. ಇಲಿಗೆ ಇಟ್ಟ ಪಾಷಾಣವನ್ನೋ ಔಷಧಿ ಹೊಡೆದ ಸೊಪ್ಪನ್ನೋ ತಿಂದಿರಬಹುದು. ಬೇಯಿಸಿದರೆ ವಿಷ ಹೋಗುತ್ತದೆ ಎಂದು ನಂಬಬೇಡಿ. ಸತ್ತು ಬಿದ್ದ ಮೊಲವನ್ನು ಬರಿಗೈಯಲ್ಲಿ ಮುಟ್ಟಲೂ ಬೇಡಿ.

ಹಾಗಾದರೆ ಮೊಲದ ಸಾರಿನ ಆಸೆಯನ್ನೇ ಬಿಡಬೇಕೇ? ಬೇಕಾಗಿಲ್ಲ. ಗೂಡಿನಲ್ಲಿ ಸಾಕುವ ಮೊಲ ಉಂಟಲ್ಲ! ಇದರ ಜಾತಿಯೇ ಬೇರೆ. ಕಾಡುಮೊಲದ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. ಸಾಕುಮೊಲದ ಮರಿ ಬೋಳು ಮೈಯಲ್ಲಿ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತದೆ. ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾ ಮಾಂಸಕ್ಕೆ ಸಾಕುವ ತಳಿಗಳು. ಚೆನ್ನಾಗಿ ಮೇಯಿಸಿದರೆ ಮೂರು ತಿಂಗಳಿಗೆ ಸುಮಾರು 2 ಕಿಲೋ ತೂಗುತ್ತವೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಮಾಂಸ.

ಕುಯ್ಯುವ ಮುಂಚೆ ಮೊಲವನ್ನು ಒಮ್ಮೆ ನೋಡಿ. ಮೂಗು ಸೋರುತ್ತಿದ್ದರೆ, ಹೊಟ್ಟೆ ಉಬ್ಬಿದ್ದರೆ, ಮೇವು ಬಿಟ್ಟಿದ್ದರೆ ಅದು ಅಡಿಗೆಗೆ ಬೇಡ. ಔಷಧಿ ಕೊಟ್ಟಿದ್ದರೆ ಪಶುವೈದ್ಯರು ಹೇಳಿದಷ್ಟು ದಿನ ಕಾಯಿರಿ. ಹಿಂದಿನ ರಾತ್ರಿ ಮೇವು ಹಾಕದೆ ನೀರು ಮಾತ್ರ ಇಡಿ.

ಕೈಯಲ್ಲಿ ಗಾಯವಿದ್ದವರು ಈ ಕೆಲಸಕ್ಕೆ ಇಳಿಯಬಾರದು. ಕರುಳು, ಪಿತ್ತಕೋಶ ಒಡೆಯದಂತೆ ಹುಷಾರಾಗಿ ತೆಗೆಯಿರಿ. ಆಮೇಲೆ ಪಿತ್ತಜನಕಾಂಗ ನೋಡಿ. ಅದು ಕಡುಗೆಂಪಾಗಿ ನುಣ್ಣಗಿದ್ದರೆ ಸರಿ. ಬಿಳಿಯ ಚುಕ್ಕೆ, ಗಂಟು ಕಂಡರೆ ತಿನ್ನಬೇಡಿ. ಪಶುವೈದ್ಯರಿಗೆ ತೋರಿಸಿ, ಉಳಿದ ಮೊಲಗಳಿಗೂ ರೋಗ ತಗಲಿರಬಹುದು. ಹೊಟ್ಟೆಯೊಳಗಿನ ಪೊರೆಯಲ್ಲಿ ಬಟಾಣಿಯಷ್ಟು ದಪ್ಪದ ನೀರುಗುಳ್ಳೆ ಇದ್ದರೆ ಅದು ನಾಯಿಯ ಲಾಡಿಹುಳುವಿನ ಮರಿ. ಅದನ್ನು ನಾಯಿಗೆ ಎಸೆದರೆ ಹುಳು ಬೆಳೆಯುತ್ತದೆ, ನಾಯಿಯ ಹೇಲು ತಗಲಿದ ಹುಲ್ಲಿನಿಂದ ಮತ್ತೆ ಮೊಲಕ್ಕೇ ಬರುತ್ತದೆ. ಆದ್ದರಿಂದ ಕಸವನ್ನೆಲ್ಲ ಆಳವಾಗಿ ಹೂಳಿ. ಕೈ, ಕತ್ತಿ, ಮಣೆಯನ್ನು ಸೋಪು ಹಾಕಿ ತೊಳೆಯಿರಿ.

ಅಕ್ಕತಂಗಿಯರೇ, ಈಗ ಒಲೆಯ ಕೆಲಸ. ಮೊಲದ ಮಾಂಸದಲ್ಲಿ ಕೊಬ್ಬು ಬಲು ಕಡಿಮೆ. ಜೋರು ಉರಿಯಲ್ಲಿ ಹುರಿದರೆ ನಾರಾಗುತ್ತದೆ. ಶುಂಠಿ, ಬೆಳ್ಳುಳ್ಳಿ, ಅರಿಸಿನ, ಸ್ವಲ್ಪ ಮೊಸರು ಹಚ್ಚಿ ಅರ್ಧ ಗಂಟೆ ಬಿಡಿ. ಎಣ್ಣೆಯಲ್ಲಿ ಈರುಳ್ಳಿ ಬಾಡಿಸಿ, ಮಾಂಸ ಹಾಕಿ, ನೀರು ಬಿಟ್ಟು, ಮುಚ್ಚಿಟ್ಟು ಸಣ್ಣ ಉರಿಯಲ್ಲಿ ಒಂದು ಗಂಟೆಗೆ ಕಡಿಮೆಯಿಲ್ಲದಂತೆ ಬೇಯಿಸಿ. ಮೂಳೆಯ ಹತ್ತಿರ ಕೆಂಪು ಉಳಿಯಬಾರದು. ಮಾಂಸ ಮೂಳೆಯಿಂದ ತಾನಾಗಿ ಬಿಡಬೇಕು. ಕೊನೆಗೆ ಕಾಯಿ, ಖಾರ ರುಬ್ಬಿ ಹಾಕಿ ಚೆನ್ನಾಗಿ ಕುದಿಸಿ. ಬರೀ ಮಾಂಸವೇ ಊಟವಾಗಬಾರದು. ಜೊತೆಗೆ ಮುದ್ದೆ, ಸೊಪ್ಪು ಇರಲಿ. ಫ್ರಿಜ್ ಇಲ್ಲದ ಮನೆಯಲ್ಲಿ ಒಂದು ಹೊತ್ತಿಗೆ ಆಗುವಷ್ಟೇ ಮಾಡಿ. ಇದ್ದವರು ಉಳಿದದ್ದನ್ನು ಎರಡು ಗಂಟೆಯೊಳಗೆ ಒಳಗಿಡಿ, ಮತ್ತೆ ಕುದಿಸಿಯೇ ಉಣ್ಣಿ.

ಹೊಸತೊಡಕಿಗೆ ಮೊಲದ ಸಾರೇ ಬೇಕೆನ್ನುವವರು ಕಾರ್ತೀಕ ಮಾಸ ಮುಗಿಯುವಷ್ಟರಲ್ಲಿ ಹೆಣ್ಣು ಮೊಲವನ್ನು ಗಂಡಿನ ಗೂಡಿಗೆ ಬಿಡಿ. ಗಬ್ಬಕ್ಕೆ ಒಂದು ತಿಂಗಳು, ಬೆಳೆಯಲು ಮೂರು ತಿಂಗಳು. ಯುಗಾದಿಗೆ ಲೆಕ್ಕ ಸರಿಹೋಗುತ್ತದೆ. ಬಲೆಯೂ ಬೇಡ, ಭಯವೂ ಬೇಡ.