ಕಿತ್ತು ನೆಡುವ ಗಿಡ, ಕೀಳಬಾರದ ಗಿಡ



ಮೂವತ್ತಮೂರು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಅಂಥವನು ಕೈತೋಟದ ವಿಷಯವಾಗಿ ನಿಮ್ಮೆದುರು ಮಾತನಾಡಲು ಹೊರಟರೆ ಆಶ್ಚರ್ಯವಾದೀತು. ನನಗೂ ಸಂಕೋಚವಿದೆ. ತರಗತಿಯಲ್ಲಿ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದ ವಿಚಾರ ಬಂದಾಗಲೆಲ್ಲ, ಕ್ರಿ.ಶ. 1025ರ ಸುಮಾರಿನ ಆ ಗ್ರಂಥದಲ್ಲಿ ಜ್ಯೋತಿಷ, ವಾಸ್ತು, ಪಾಕ, ವೈದ್ಯಗಳೊಡನೆ ವೃಕ್ಷಾಯುರ್ವೇದಕ್ಕೂ ಸ್ಥಾನವಿದೆ ಎಂದು ನಾನು ಹೇಳುತ್ತಿದ್ದೆ, ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು. ಆದರೆ ಹಾಗೆ ಹೇಳಿದ ಆ ವರ್ಷಗಳಲ್ಲಿ ನಾನು ನನ್ನ ಕೈಯಾರೆ ಒಂದು ಮೂಲಂಗಿಯನ್ನೂ ಬೆಳೆದಿರಲಿಲ್ಲ.

ನಿವೃತ್ತಿಯಾದ ಮೇಲೆ ಬೆಳಗಿನ ಹೊತ್ತು ಉದ್ದವಾಯಿತು. ಮೈಸೂರಿನ ನಮ್ಮ ಮನೆಯ ಹಿಂದೆ ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ಹಿತ್ತಿಲಿದೆ. ಒಂದು ಕರಿಬೇವಿನ ಗಿಡ, ಎರಡು ಬಾಳೆ, ಮನೆ ಕಟ್ಟಿಸಿದಾಗ ಉಳಿದ ಇಟ್ಟಿಗೆ ಚೂರುಗಳು: ಇಷ್ಟೇ ಅಲ್ಲಿದ್ದುದು. ಅದರಲ್ಲಿ ಏನಾದರೂ ಬೆಳೆಯೋಣವೆಂದು ಹೊರಟೆ. ಹೊಸ ಉತ್ಸಾಹವಲ್ಲವೇ? ಬದನೆ, ಬೆಂಡೆಗಳ ಕಡೆ ಕಣ್ಣು ಹೋಗಲಿಲ್ಲ. ಕ್ಯಾರೆಟ್, ಬೀಟ್‌ರೂಟ್, ಮೂಲಂಗಿಗಳ ಜೊತೆಗೆ ಬ್ರೋಕೊಲಿಯನ್ನೇ ಬೆಳೆಯಬೇಕೆಂದು ನಿಶ್ಚಯಿಸಿದೆ. ಬೀಜದ ಪೊಟ್ಟಣಗಳು ಬಂದವು. ಎಲ್ಲವನ್ನೂ ಒಂದೇ ರೀತಿ ಸಸಿಮಡಿಯಲ್ಲಿ ಚೆಲ್ಲಿ, ಮೊಳೆಸಿ, ಮಕ್ಕಳನ್ನು ಎತ್ತಿಕೊಂಡಷ್ಟು ಜೋಪಾನವಾಗಿ ಕಿತ್ತು ಪಾತಿಗಳಲ್ಲಿ ನೆಟ್ಟೆ. ಅದೂ ಕೂಡಲೇ ಅಲ್ಲ. ಸಸಿ ಬಲಿಯಲಿ, ಗಟ್ಟಿಯಾಗಲಿ ಎಂದು ಐವತ್ತು ದಿವಸ ಕಾದು ನೆಟ್ಟೆ.

ಜನವರಿಯಲ್ಲಿ ಫಲ ನೋಡುವ ಕಾಲ ಬಂತು. ಕ್ಯಾರೆಟ್ಟಿನ ಸೊಪ್ಪು ಬಹಳ ಚೆಲುವಾಗಿತ್ತು. ಕಿತ್ತರೆ ಎರಡು ಕಾಲಿನದು, ಮೂರು ಕಾಲಿನದು, ಹಗ್ಗದಂತೆ ಹೊಸೆದುಕೊಂಡದ್ದು. ನನ್ನ ಮನೆಯಾಕೆ ಒಂದನ್ನು ಕೈಯಲ್ಲಿ ಹಿಡಿದು, “ಇದರ ಸಿಪ್ಪೆ ಎಲ್ಲಿಂದ ಹೆರೆಯಲಿ, ನೀವೇ ಹೇಳಿ” ಎಂದಳು. ಬ್ರೋಕೊಲಿಯಾದರೋ ಗಿಡಕ್ಕೊಂದು ಕೋಟಿನ ಗುಂಡಿಯಷ್ಟು ಹೂವನ್ನು ಬಿಟ್ಟು ಅಷ್ಟಕ್ಕೇ ನಿಂತಿತ್ತು.

ಅದೇ ವಾರ ಊರಿನಿಂದ ನನ್ನ ಅಣ್ಣ ಕಣ್ಣಿನ ತಪಾಸಣೆಗೆಂದು ಬಂದರು. ಅವರ ವಿಷಯವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅರಕಲಗೂಡು ಸೀಮೆಯ ಒಂದು ಸಣ್ಣ ಹಳ್ಳಿ ನಮ್ಮದು. ಅಣ್ಣ ನನಗಿಂತ ಎಂಟು ವರ್ಷ ದೊಡ್ಡವರು. ಏಳನೆಯ ತರಗತಿಯಲ್ಲಿ ಇಡೀ ಶಾಲೆಗೆ ಅವರೇ ಮೊದಲು. ಆ ವರ್ಷವೇ ನಮ್ಮ ತಂದೆ ತೀರಿಕೊಂಡರು. ಹೆಡ್‌ಮಾಸ್ತರರು ಮನೆಗೆ ಬಂದು, ಹುಡುಗನನ್ನು ಬಿಡಿಸಬೇಡಿರೆಂದು ತಾಯಿಯ ಮುಂದೆ ಕೈಮುಗಿದದ್ದು ನನಗೆ ಮಸಕು ಮಸಕಾಗಿ ನೆನಪಿದೆ. ಬಿಡಿಸದೆ ಗತಿಯಿರಲಿಲ್ಲ. ಅಣ್ಣ ನೇಗಿಲು ಹಿಡಿದರು. ನಾನು ಹಾಸನಕ್ಕೆ ಹೋದೆ, ಅಲ್ಲಿಂದ ಮೈಸೂರಿಗೆ ಬಂದೆ. ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುವಷ್ಟು ದಿನವೂ ತಿಂಗಳು ತಿಂಗಳು ಅವರ ಮನಿಯಾರ್ಡರ್ ಬರುತ್ತಿತ್ತು. ಅದು ರಾಗಿ, ಆಲೂಗಡ್ಡೆ ಮಾರಿದ ಹಣ.

ಅಣ್ಣ ನನ್ನ ಮೂರು ಕಾಲಿನ ಕ್ಯಾರೆಟ್ಟನ್ನು ತಿರುಗಿಸಿ ನೋಡಿ, “ಇದನ್ನೂ ಕಿತ್ತು ನೆಟ್ಟೆಯೇನು ಮೇಷ್ಟ್ರೇ?” ಎಂದು ಕೇಳಿದರು. ಹೌದೆಂದೆ. ಬಾಯಿತುಂಬ ನಕ್ಕರು. “ಕೆಲವು ಗಿಡ ಕಿತ್ತು ನೆಡಬೇಕು, ಕೆಲವು ಕೀಳಬಾರದು. ಅಷ್ಟೂ ಗೊತ್ತಿಲ್ಲದೆ ಎಷ್ಟು ವರ್ಷ ಪಾಠ ಹೇಳಿದೆ?” ಎಂದರು. ಆಮೇಲೆ ಬಾವಿಕಟ್ಟೆಯ ಮೇಲೆ ಕೂತು ನನಗೆ ಪಾಠ ಹೇಳಿದರು. ನಾನು ಮುಂದೆ ಪುಸ್ತಕಗಳಲ್ಲಿ ಓದಿದ್ದು ಅದಕ್ಕೆ ವ್ಯಾಖ್ಯಾನವಾಯಿತೇ ವಿನಾ ತಿದ್ದುಪಡಿಯಾಗಲಿಲ್ಲ.

ಸಸಿಯನ್ನು ಕೀಳುವಾಗ ತಾಯಿಬೇರಿನ ತುದಿ ಮುರಿಯುತ್ತದೆ. ಎಷ್ಟು ನಯವಾಗಿ ಕಿತ್ತರೂ ಇದು ತಪ್ಪುವುದು ಕಷ್ಟ. ಕೋಸಿನ ಜಾತಿಯ ಸಸಿ ಈ ಗಾಯಕ್ಕೆ ಪಕ್ಕದ ಬೇರುಗಳನ್ನು ಒಡೆದು ಉತ್ತರ ಕೊಡುತ್ತದೆ. ಬೇರಿನ ಗೊಂಚಲು ಬೆಳೆದು ಗಿಡ ಹೊಸ ನೆಲವನ್ನು ಭದ್ರವಾಗಿ ಹಿಡಿಯುತ್ತದೆ. ಕ್ಯಾರೆಟ್ಟಿನ ಸಸಿಯೂ ಅದನ್ನೇ ಮಾಡುತ್ತದೆ, ಪಕ್ಕದ ಬೇರುಗಳನ್ನು ಒಡೆಯುತ್ತದೆ. ಆದರೆ ಅಲ್ಲಿ ನಮಗೆ ಬೇಕಾದದ್ದು ಆ ತಾಯಿಬೇರೇ. ಅದು ಕವಲೊಡೆದರೆ ನಮ್ಮ ಪಾಲಿಗೆ ಬೆಳೆ ಕೆಟ್ಟಂತೆ. ಗಾಯ ಒಂದೇ, ಫಲ ಎರಡು.

ಆದುದರಿಂದ ಕ್ಯಾರೆಟ್, ಮೂಲಂಗಿಗಳನ್ನು ಬೆಳೆಯುವ ಸ್ಥಳದಲ್ಲೇ ಬಿತ್ತಬೇಕು. ಬೀಟ್‌ರೂಟ್ ಸ್ವಲ್ಪ ಸಹನಶೀಲ. ಎಳೆಯದರಲ್ಲಿ ಕಿತ್ತು ನೆಟ್ಟರೂ ಬದುಕಿಕೊಳ್ಳುತ್ತದೆ. ನೆಲವನ್ನು ಒಂದಡಿ ಆಳಕ್ಕೆ ಅಗೆದು, ಕಲ್ಲು, ಹೆಂಟೆ, ಇಟ್ಟಿಗೆ ಚೂರುಗಳನ್ನು ಆರಿಸಿ ತೆಗೆಯಬೇಕು. ಕೆಳಗಿಳಿಯುವ ಬೇರಿಗೆ ಒಂದು ಹರಳು ಅಡ್ಡ ಸಿಕ್ಕಿದರೂ ಅದು ಕವಲಾಗುತ್ತದೆ. ಹಸಿ ಗೊಬ್ಬರವನ್ನು ಹಾಕಲೇಬಾರದು; ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಮೊದಲೇ ಮಣ್ಣಿನಲ್ಲಿ ಬೆರೆಸಿರಬೇಕು. ಗೊಬ್ಬರದ ಕಸುವು ಅತಿಯಾದರೆ ಸೊಪ್ಪು ಮೆರೆಯುತ್ತದೆ, ಗೆಡ್ಡೆ ಸೊರಗುತ್ತದೆ. ನಮ್ಮ ಹಿತ್ತಿಲಿನ ಕೆಂಪು ಮಣ್ಣು ಒಣಗಿದರೆ ಕಲ್ಲಿನಂತಾಗುವುದರಿಂದ ಮರಳು ಬೆರೆಸಿ ಅರ್ಧ ಅಡಿ ಎತ್ತರದ ಏರುಮಡಿಗಳನ್ನು ಮಾಡಿಕೊಂಡೆ.

ಕ್ಯಾರೆಟ್ ಬೀಜ ಬಹಳ ಸಣ್ಣದು, ಹಗುರ. ಒಂದು ಹಿಡಿ ಬೀಜಕ್ಕೆ ನಾಲ್ಕು ಹಿಡಿ ಮರಳು ಬೆರೆಸಿ ಸಾಲಿನಲ್ಲಿ ಬಿಡಬೇಕು, ಮೇಲೆ ಕಾಲು ಅಂಗುಲ ಮಣ್ಣು ಸಾಕು. ಅದು ಮೊಳೆಯಲು ಹತ್ತು ಹದಿನೈದು ದಿನ ಹಿಡಿಯುತ್ತದೆ. ಆವರೆಗೆ ಮೇಲ್ಮಣ್ಣು ಒಣಗಕೂಡದು. ಒದ್ದೆ ಗೋಣಿತಾಟು ಹೊದಿಸಿ, ಮೊಳಕೆ ಕಂಡ ದಿನವೇ ತೆಗೆದುಬಿಡಬೇಕು. ಸಾಲು ಎಲ್ಲಿದೆಯೆಂದು ತಿಳಿಯದೆ ಕಳೆಯೊಡನೆ ಪೈರನ್ನೂ ಕೀಳುವ ಅಪಾಯವಿದೆ. ಅದಕ್ಕೆ ಅಣ್ಣ ಹೇಳಿದ ಉಪಾಯವೆಂದರೆ ಅದೇ ಸಾಲಿನಲ್ಲಿ ಅಲ್ಲಲ್ಲಿ ಮೂಲಂಗಿ ಬೀಜ ಹಾಕುವುದು. ಮೂಲಂಗಿ ನಾಲ್ಕೈದು ದಿನದಲ್ಲಿ ಎದ್ದು ದಾರಿ ತೋರಿಸುತ್ತದೆ. ನಲವತ್ತು ನಲವತ್ತೈದು ದಿನದಲ್ಲಿ ಅದು ಅಡುಗೆಮನೆ ಸೇರಿದರೆ, ತೆರವಾದ ಜಾಗ ಕ್ಯಾರೆಟ್ಟಿಗೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ನಿಶಾಂತ್’ ಮೂಲಂಗಿ ನಮ್ಮ ಹವೆಗೆ ಚೆನ್ನಾಗಿ ಒಗ್ಗುತ್ತದೆ, ಬೇಗ ಬೆಂಡಾಗುವುದಿಲ್ಲ. ಬೀಟ್‌ರೂಟಿನದು ಬೇರೊಂದು ವಿಶೇಷ. ನಾವು ಒಂದು ಬೀಜವೆಂದು ತಿಳಿಯುವುದು ಹಲವು ಬೀಜಗಳ ಗಂಟು. ರಾತ್ರಿ ನೆನೆಸಿ ಹಾಕಿದರೆ ಒಂದೇ ಕಡೆ ಎರಡು ಮೂರು ಮೊಳಕೆಗಳು ಏಳುತ್ತವೆ.

ಆಗ ಬರುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಒತ್ತಾಗಿ ಬಂದ ಪೈರನ್ನು ಕಿತ್ತು ತೆಳುವು ಮಾಡಬೇಕು. ಕ್ಯಾರೆಟ್ಟಿಗೆ ಎರಡು ಮೂರು ಅಂಗುಲ, ಬೀಟ್‌ರೂಟಿಗೆ ನಾಲ್ಕು ಅಂಗುಲ ಅಂತರ ಬೇಕು. ನಡುವೆ ಬಂದವು ಎಷ್ಟೇ ಸೊಗಸಾಗಿರಲಿ, ತೆಗೆಯಲೇಬೇಕು. ಮೊದಲ ವರ್ಷ ನನಗೆ ಕೈ ಬರಲಿಲ್ಲ. ಎಲ್ಲವನ್ನೂ ಉಳಿಸಲು ಹೋದವನಿಗೆ ಒಂದೂ ದಕ್ಕುವುದಿಲ್ಲವೆಂದು ಆಮೇಲೆ ಗೊತ್ತಾಯಿತು. ಮಣ್ಣಿನ ಮೇಲೆ ಇಣುಕುವ ಕ್ಯಾರೆಟ್ಟಿನ ಹೆಗಲಿಗೆ ಮಣ್ಣು ಏರಿಸಿ ಮುಚ್ಚಬೇಕು, ಇಲ್ಲದಿದ್ದರೆ ಹಸಿರಾಗುತ್ತದೆ. ನೀರನ್ನು ಒಂದು ದಿನ ತುಂಬಿಸಿ ನಾಲ್ಕು ದಿನ ಮರೆತರೆ ಗೆಡ್ಡೆ ಬಿರಿಯುತ್ತದೆ.

ಕ್ಯಾರೆಟ್ ನಿಜವಾಗಿ ಎರಡು ವರ್ಷದ ಗಿಡ. ಮೊದಲ ವರ್ಷ ಬೇರಿನಲ್ಲಿ ಆಹಾರ ಕೂಡಿಡುತ್ತದೆ, ಚಳಿಗಾಲ ಕಳೆದ ಮೇಲೆ ಅದನ್ನು ಖರ್ಚು ಮಾಡಿ ಹೂಬಿಡುತ್ತದೆ. ನಾವು ತಿನ್ನುವುದು ಅದು ಮುಂದಿನ ಹೂವಿಗೆಂದು ಕಟ್ಟಿಟ್ಟ ಬುತ್ತಿಯನ್ನು. ಮೈಸೂರಿನ ಚಳಿ ಸಾಲದ್ದರಿಂದ ಯೂರೋಪಿನ ತಳಿಗಳು ಇಲ್ಲಿ ಹೂ ಬಿಡುವುದಿಲ್ಲ. ಅವುಗಳ ಬೀಜ ತಣ್ಣನೆಯ ಬೆಟ್ಟದ ಸೀಮೆಗಳಿಂದ ಬರಬೇಕು.

ಇನ್ನು ಬ್ರೋಕೊಲಿ. ಇದು ಇಟಲಿಯ ಮಾತು. ಕುಡಿ, ಚಿಗುರು ಎಂಬ ಅರ್ಥದಿಂದ ಬಂದದ್ದು. ನಮ್ಮಲ್ಲಿ ಕೆಲವರು ಹಸಿರು ಹೂಕೋಸು ಎನ್ನುತ್ತಾರೆ. ನನ್ನನ್ನು ಬೆರಗುಗೊಳಿಸಿದ ಸಂಗತಿಯೆಂದರೆ ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೋಕೊಲಿ ಇವೆಲ್ಲವೂ ಸಸ್ಯಶಾಸ್ತ್ರಜ್ಞರ ದೃಷ್ಟಿಯಲ್ಲಿ ಒಂದೇ ಸಸ್ಯ, ‘ಬ್ರಾಸಿಕಾ ಒಲೆರೇಸಿಯಾ’. ಯೂರೋಪಿನ ಕಡಲ ತಡಿಯ ಒಂದು ಕಾಡು ಗಿಡದ ಸಂತಾನ ಇವು. ರೈತರು ತಲೆತಲಾಂತರದಿಂದ ಒಂದೆಡೆ ಮೊಗ್ಗೆಲೆಯನ್ನು ಆರಿಸಿದರು, ಎಲೆಕೋಸಾಯಿತು. ಇನ್ನೊಂದೆಡೆ ಕಾಂಡವನ್ನು ಆರಿಸಿದರು, ನವಿಲುಕೋಸಾಯಿತು. ಹೂಮೊಗ್ಗನ್ನು ಆರಿಸಿದ ಕಡೆ ಬ್ರೋಕೊಲಿಯಾಯಿತು.

ಮೈಸೂರು, ಬೆಂಗಳೂರಿನ ಹವೆಗೆ ಇದನ್ನು ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ ಸಸಿಮಡಿಗೆ ಹಾಕುವುದು ಮೇಲು. 15ರಿಂದ 20 ಡಿಗ್ರಿಯ ತಂಪು ಅದಕ್ಕೆ ಪ್ರಿಯ. ಫೆಬ್ರವರಿಯ ಬಿಸಿಲು ತಾಕಿದರೆ ತಲೆ ಬಿಗಿಯಾಗಿ ಕಟ್ಟುವುದಿಲ್ಲ. ನಾಲ್ಕೈದು ಎಲೆ ಬಂದಾಗ, ಅಂದರೆ 25ರಿಂದ 30 ದಿನಕ್ಕೆ, ಸಂಜೆಯ ಹೊತ್ತಿನಲ್ಲಿ ಒಂದೂವರೆ ಅಡಿಗೊಂದರಂತೆ ನೆಡಬೇಕು. ನಾನು ಐವತ್ತು ದಿವಸ ಕಾದದ್ದೇ ತಪ್ಪು. ಮಡಿಯಲ್ಲಿ ಬಲಿತ ಸಸಿ ನೆಟ್ಟ ಮೇಲೆ ಬೆಳೆಯದೆ, ಗುಂಡಿಯಷ್ಟು ಹೂ ಬಿಟ್ಟು ಮುಗಿಸುತ್ತದೆ. “ರಾಗಿ ಪೈರಾದರೂ ಅಷ್ಟೆ, ದಿನ ಮೀರಿದರೆ ತೆನೆ ಸಣ್ಣದು” ಎಂದರು ಅಣ್ಣ.

ಇದಕ್ಕೆ ದೊಡ್ಡ ಶತ್ರು ವಜ್ರಬೆನ್ನಿನ ಪತಂಗದ ಹಸಿರು ಹುಳು. ಎಲೆಯನ್ನು ಜರಡಿಯಂತೆ ಮಾಡಿಬಿಡುತ್ತದೆ. ಹೆಸರಘಟ್ಟದ ವಿಜ್ಞಾನಿಗಳು ಎಲೆಕೋಸಿಗೆ ಹೇಳಿದ ಉಪಾಯವನ್ನೇ ನಾನು ಅನುಸರಿಸಿದೆ. ಪಾತಿಯ ಅಂಚಿನಲ್ಲಿ, ನೆಡುವುದಕ್ಕೆ ಹದಿನೈದು ದಿನ ಮುಂಚೆ ಒಂದು ಸಾಲು ಸಾಸಿವೆ ಬಿತ್ತಿದೆ. ಪತಂಗ ಕೋಸಿಗಿಂತ ಸಾಸಿವೆಯ ಮೇಲೆ ಮೊಟ್ಟೆಯಿಡಲು ಹೆಚ್ಚು ಇಷ್ಟಪಡುತ್ತದೆ. ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ರಾತ್ರಿಯಿಡೀ ನೆನೆಸಿ, ಸೋಸಿ ಸಿಂಪಡಿಸಿದರೆ ಉಳಿದದ್ದೂ ಹತೋಟಿಗೆ ಬರುತ್ತದೆ.

ನೆಟ್ಟ ಎರಡು ಎರಡೂವರೆ ತಿಂಗಳಿಗೆ ನಡುವೆ ತಲೆ ಕಟ್ಟುತ್ತದೆ. ಮೊಗ್ಗು ಬಿಗಿಯಾಗಿರುವಾಗಲೇ ನಾಲ್ಕು ಅಂಗುಲ ದಂಟಿನೊಡನೆ ಕೊಯ್ಯಬೇಕು. ಇನ್ನೂ ದೊಡ್ಡದಾಗಲೆಂದು ಆಸೆಪಟ್ಟರೆ ಹಳದಿ ಹೂವರಳಿ ತಿನ್ನಲು ಬಾರದು. ಕೊಯ್ದ ಮೇಲೆ ಗಿಡವನ್ನು ಕಿತ್ತೆಸೆಯಬೇಡಿ. ಎಲೆಯ ಕಂಕುಳಲ್ಲಿ ಸಣ್ಣ ಸಣ್ಣ ಕುಡಿಗಳು ಮತ್ತೆ ಬರುತ್ತವೆ. ದಂಟಿನ ಸಿಪ್ಪೆ ಹೆರೆದು ಹುಳಿಗೆ ಹಾಕಬಹುದು. ತಲೆಯನ್ನು ಹೆಚ್ಚು ಬೇಯಿಸಿದರೆ ವಾಸನೆ ಬರುತ್ತದೆ. ಒಗ್ಗರಣೆಯಲ್ಲಿ ಬಾಡಿಸಿ ಕಾಯಿತುರಿ ಉದುರಿಸಿದರೆ ನಮ್ಮ ಪಲ್ಯವೇ.

ಎರಡನೆಯ ವರ್ಷ ಅಣ್ಣ ದಸರೆಗೆ ಬಂದರು. ನಾಟಿಯ ಕಾಲ. ಸಂಜೆ ಇಬ್ಬರೂ ಸಸಿ ನೆಡುತ್ತಿದ್ದೆವು. ವರ್ಷವಿಡೀ ಮನಸ್ಸಿನಲ್ಲಿ ಹೊಸೆದಿಟ್ಟಿದ್ದ ಮಾತೊಂದನ್ನು ನಾನು ಆಗ ಹೊರಗೆ ತೆಗೆದೆ. “ಅಣ್ಣಯ್ಯ, ಕೆಲವು ಗಿಡ ಕಿತ್ತು ನೆಡಬೇಕು, ಕೆಲವು ಕೀಳಬಾರದು ಎಂದಿರಲ್ಲ. ನಮ್ಮ ಬಾಳೂ ಹಾಗೆಯೇ ಅಲ್ಲವೇ? ನಾನು ಕಿತ್ತು ನೆಟ್ಟ ಸಸಿ. ನೀವು ಬಿತ್ತಿದಲ್ಲೇ ಬೆಳೆದು ನಮ್ಮನ್ನೆಲ್ಲ ಸಾಕಿದ ಬೇರು” ಎಂದೆ. ಅವರಿಗೆ ಸಂತೋಷವಾಗುತ್ತದೆಂದು ತಿಳಿದಿದ್ದೆ. ಸನ್ಮಾನದ ಸಭೆಗಳಲ್ಲಿ ಇಂಥ ಮಾತಿಗೆ ಚಪ್ಪಾಳೆ ಬರುತ್ತದೆ.

ಅಣ್ಣ ಗುಣಿಗೆ ಮಣ್ಣೆಳೆದು, ಬೆರಳಿನಿಂದ ಒತ್ತಿ, ನೀರು ಹಾಕಿದರು. ಆಮೇಲೆ ಹೇಳಿದರು: “ಈ ಕೋಸೂ ಆ ಕೋಸೂ ಒಂದೇ ಬೀಜ ಅಂತ ಹೋದ ಸಲ ನೀನೇ ಓದಿ ಹೇಳಿದೆ. ನಾವೂ ಒಂದೇ ಬೀಜ ಕಣಯ್ಯ. ನನ್ನನ್ನು ನೆಟ್ಟಿದ್ದರೆ ನಾನೂ ಹತ್ತುತ್ತಿದ್ದೆ. ಒಬ್ಬನನ್ನು ಕಳಿಸೋಷ್ಟು ಮಾತ್ರ ಮನೇಲಿತ್ತು.”

ಅವರ ದನಿಯಲ್ಲಿ ಕೋಪವಿರಲಿಲ್ಲ. ನನಗೆ ತಲೆಯೆತ್ತಲಾಗಲಿಲ್ಲ. ಅರವತ್ತು ದಾಟಿದ ಮೇಲೆ ಮೊದಲ ಬಾರಿಗೆ ನನಗೆ ತಿಳಿದದ್ದೆಂದರೆ, ಅಣ್ಣ ಹಳ್ಳಿಯಲ್ಲಿ ಉಳಿದದ್ದು ಅವರ ಸ್ವಭಾವ ಎಂದು ನಾನು ಇಷ್ಟು ಕಾಲ ಸಮಾಧಾನ ಮಾಡಿಕೊಂಡಿದ್ದೆ ಎಂಬುದು. ಕೈಮುಗಿದು ನಿಂತ ಹೆಡ್‌ಮಾಸ್ತರರ ನೆನಪಿದ್ದೂ ಹಾಗೆ ನಂಬಿದ್ದೆ. ಕ್ಯಾರೆಟ್ಟನ್ನು ಕೀಳಬಾರದೆಂಬುದು ಗಿಡದ ಧರ್ಮ. ಮನುಷ್ಯರಲ್ಲಿ ಯಾರು ಹೋಗಬೇಕು, ಯಾರು ಉಳಿಯಬೇಕು ಎಂಬುದನ್ನು ನಮ್ಮ ಮನೆಯಲ್ಲಿ ನಿಶ್ಚಯಿಸಿದ್ದು ಬಡತನ.

ಇನ್ನಾದರೂ ನಮ್ಮೊಡನೆ ಇರಿ ಎಂದು ಕೇಳಿದೆ. “ಈ ವಯಸ್ಸಲ್ಲಿ ಕಿತ್ತು ನೆಟ್ಟರೆ ನಿನ್ನ ಗುಂಡಿ ಹೂವಿನ ಕಥೆಯೇ” ಎಂದು ನಕ್ಕರು. ಹೊರಡುವಾಗ ಮಡಿಯಲ್ಲಿ ಮಿಕ್ಕಿದ್ದ ಎರಡು ಡಜನ್ ಸಸಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು.

ಶ್ರೋತೃಗಳೇ, ಹಿತ್ತಿಲಿಲ್ಲದವರು ಒಂದಡಿ ಆಳದ ಡಬ್ಬಗಳಲ್ಲೂ ಮೂಲಂಗಿ, ಕ್ಯಾರೆಟ್ ಬೆಳೆಯಬಹುದು. ತಳದಲ್ಲಿ ನೀರು ಬಸಿಯುವಂತೆ ತೂತಿರಬೇಕು, ಅಷ್ಟೇ. ಮೊದಲ ವರ್ಷ ಕೆಟ್ಟರೆ ಬೇಸರಪಡಬೇಡಿ. ಬಲ್ಲವರು ನಿಮ್ಮ ಮನೆಯಲ್ಲೇ ಇರಬಹುದು, ಕೇಳಿ ನೋಡಿ. ನಾನು ಬಹಳ ತಡವಾಗಿ ಕೇಳಿದೆ.

ಮರುವರ್ಷ ಜನವರಿಯಲ್ಲಿ ಅಣ್ಣ ಮತ್ತೆ ಕಣ್ಣು ತೋರಿಸಲು ಬಂದಾಗ ಕೈಯಲ್ಲಿ ಒಂದು ಚೀಲವಿತ್ತು. ಅವರ ಹೊಲದಲ್ಲಿ ಬಂದ ಬ್ರೋಕೊಲಿ. ಮೇಜಿನ ಮೇಲೆ ನನ್ನದರ ಪಕ್ಕದಲ್ಲಿಟ್ಟು ನೋಡಿದೆವು. ಅವರದೇ ದೊಡ್ಡದಾಗಿತ್ತು.