ಸ್ಲೇಟುಗಣಿಯ ಒಡೆಯ ಲಾರ್ಡ್ ಪೆನ್ರಿನ್



ಬಳಪ ಹಿಡಿದು ಅಕ್ಷರ ತಿದ್ದುವ ಸ್ಲೇಟು ನಿಮಗೆಲ್ಲ ಗೊತ್ತು. ಆ ಕಲ್ಲು ಮೂಲದಲ್ಲಿ ಬರೀ ಕೆಸರು. ಭೂಮಿಯೊಳಗಿನ ಒತ್ತಡಕ್ಕೆ ಸಿಕ್ಕ ಕೆಸರಿನ ಖನಿಜ ಕಣಗಳು ಒಂದೇ ದಿಕ್ಕಿಗೆ ಸಾಲುಗಟ್ಟಿದಾಗ, ಉಳಿಯಿಟ್ಟು ತಟ್ಟಿದರೆ ಹಾಳೆ ಹಾಳೆಯಾಗಿ ಬಿಡಿಸಿಕೊಳ್ಳುವ ಗುಣ ಅದಕ್ಕೆ ಬರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟನ್ನಿನ ಲಕ್ಷಾಂತರ ಮನೆಗಳ ಮಾಡಿಗೆ ಹೊದಿಸಿದ್ದು ಈ ಕಲ್ಲನ್ನೇ. ಉತ್ತರ ವೇಲ್ಸಿನ ಬೆಥೆಸ್ಡಾ ಎಂಬ ಊರಿನ ಪಕ್ಕದ ಪೆನ್ರಿನ್ ಗಣಿ ಆ ಶತಮಾನದ ಕೊನೆಗೆ ಜಗತ್ತಿನಲ್ಲೇ ಅತಿ ದೊಡ್ಡ ಸ್ಲೇಟುಗಣಿ. ಅದರ ಒಡೆಯ ಜಾರ್ಜ್ ಷೋಲ್ಟೊ ಡಗ್ಲಸ್-ಪೆನೆಂಟ್ 1836ರಲ್ಲಿ ಹುಟ್ಟಿದವನು. 1886ರಲ್ಲಿ ತಂದೆಯ ನಂತರ ಲಾರ್ಡ್ ಪೆನ್ರಿನ್ ಆದವನು.

ಈ ಮನೆತನದ ಹಣದ ಬೇರು ಮಾತ್ರ ವೇಲ್ಸಿನಲ್ಲಿರಲಿಲ್ಲ. ಹಿಂದಿನ ತಲೆಮಾರಿನ ರಿಚರ್ಡ್ ಪೆನೆಂಟನಿಗೆ ಜಮೈಕಾದಲ್ಲಿ ಕಬ್ಬಿನ ತೋಟಗಳಿದ್ದವು. ಅಲ್ಲಿ ದುಡಿದವರು ಗುಲಾಮರು. ಪಾರ್ಲಿಮೆಂಟಿನಲ್ಲಿ ಆತ ಗುಲಾಮರ ವ್ಯಾಪಾರದ ಪರವಾಗಿ ವಾದಿಸಿದ. ಸಕ್ಕರೆಯ ಹಣವೇ ಗಣಿಗೂ ರಸ್ತೆಗೂ ಬಂದರಿಗೂ ಬಂಡವಾಳವಾಯಿತು. ಬ್ರಿಟನ್ ಗುಲಾಮಗಿರಿಯನ್ನು ರದ್ದುಪಡಿಸಿದಾಗ 764 ಗುಲಾಮರ ಲೆಕ್ಕದಲ್ಲಿ ಪರಿಹಾರವಾಗಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಪೌಂಡು ಈ ಮನೆತನಕ್ಕೆ ಸಂದಿತು. ಪರಿಹಾರ ಗುಲಾಮರಿಗಲ್ಲ, ಯಜಮಾನರಿಗೆ! ಅದೇ ಕಾಲದಲ್ಲಿ ಪೆನ್ರಿನ್ ಕೋಟೆಯೂ ಮೇಲೆದ್ದಿತು.

ಜಾರ್ಜ್ ಷೋಲ್ಟೊ ಕಲಿತದ್ದು ಈಟನ್ ಶಾಲೆ ಮತ್ತು ಆಕ್ಸ್‌ಫರ್ಡಿನಲ್ಲಿ. ಒಲವು ಕುದುರೆ, ಬೇಟೆಗಳ ಕಡೆಗೆ. ಕನ್ಸರ್ವೇಟಿವ್ ಪಕ್ಷದಿಂದ 1866ರಲ್ಲಿ ಪಾರ್ಲಿಮೆಂಟ್ ಸದಸ್ಯನಾದ, 1868ರಲ್ಲಿ ಸೋತ, 1874ರಲ್ಲಿ ಗೆದ್ದ, 1880ರಲ್ಲಿ ಮತ್ತೆ ಸೋತ. ಮತದಾರರು ಮನೆಗೆ ಕಳಿಸಿದರೂ ಸುಮಾರು ಐವತ್ತು ಸಾವಿರ ಎಕರೆ ಭೂಮಿಯ ಒಡೆತನವನ್ನು ಯಾವ ಚುನಾವಣೆಯೂ ಕಸಿಯುವಂತಿರಲಿಲ್ಲ. ಆತ ಇಂಗ್ಲಿಷ್ ಮಾತಿನ ಆಂಗ್ಲಿಕನ್ ಪಂಥದವನು. ಅವನ ಗಣಿಯ ಆಳುಗಳು ವೆಲ್ಷ್ ಮಾತಾಡುವ, ಬೇರೆ ಪ್ರಾರ್ಥನಾಲಯಗಳಿಗೆ ಹೋಗುವ ಜನ.

ಇಲ್ಲಿ ಸ್ವಲ್ಪ ವಿಜ್ಞಾನಕ್ಕೆ ಮರಳಬೇಕು. ಗಣಿಯ ಬಂಡೆ ಎಲ್ಲ ಕಡೆಯೂ ಒಂದೇ ರೀತಿ ಸೀಳುವುದಿಲ್ಲ. ಒಂದೆಡೆ ಬೆಣ್ಣೆಯಂತೆ ಬಿಡಿಸಿಕೊಳ್ಳುವ ಕಲ್ಲು ನಾಲ್ಕು ಮಾರು ಆಚೆಗೆ ಪುಡಿಪುಡಿಯಾಗುತ್ತದೆ. ಹೀಗಾಗಿ ಕಾರ್ಮಿಕರ ಸಣ್ಣ ತಂಡವೊಂದು ಆರು ಗಜ ಅಗಲದ ಬಂಡೆಯನ್ನು ವಹಿಸಿಕೊಂಡು ತಿಂಗಳು ತಿಂಗಳೂ ಮೇಲ್ವಿಚಾರಕನೊಡನೆ ದರ ಚೌಕಾಸಿ ಮಾಡುತ್ತಿತ್ತು. ಕಲ್ಲು ಕೆಟ್ಟದಾದರೆ ದರ ಹೆಚ್ಚು ಬೇಕು. ಈ ಪದ್ಧತಿಯ ಹೆಸರೇ ‘ಬಾರ್ಗನ್’. ಮೇಲ್ವಿಚಾರಕ ಅನ್ಯಾಯ ಮಾಡಿದರೆ ಕಾರ್ಮಿಕನ ಪರವಾಗಿ ಮಾತಾಡುವವರು ಯಾರು? 1874ರ ಒಪ್ಪಂದ ಆ ಹಕ್ಕನ್ನು ಕಾರ್ಮಿಕರ ಸಮಿತಿಗೆ ಕೊಟ್ಟಿತ್ತು. 1885ರಲ್ಲಿ ಗಣಿಯ ಆಡಳಿತ ವಹಿಸಿಕೊಂಡ ಜಾರ್ಜ್ ಷೋಲ್ಟೊ ಅದನ್ನು ರದ್ದುಮಾಡಿದ. ಯಾವ ಕಾರ್ಮಿಕನಾದರೂ ಒಬ್ಬನೇ ಬಂದು ದೂರು ಹೇಳಬಹುದು, ನಡುವೆ ಸಂಘ ಮಾತ್ರ ಬೇಡ ಎಂಬುದು ಅವನ ನಿಲುವು. ಅವನನ್ನು ಬರೀ ಜಿಪುಣನೆಂದು ತಳ್ಳಿಹಾಕುವುದು ಸರಿಯಲ್ಲ. ಗಣಿಗೆ ಸ್ವಂತ ಆಸ್ಪತ್ರೆಯಿತ್ತು. ಕೊಡುವುದಕ್ಕೆ ಆತ ಸಿದ್ಧ, ಕೇಳಿಸಿಕೊಳ್ಳುವುದಕ್ಕಲ್ಲ.

1896–97ರಲ್ಲಿ ಹನ್ನೊಂದು ತಿಂಗಳು ಗಣಿ ನಿಂತಿತು. ಸರ್ಕಾರ ಸಂಧಾನಕ್ಕೆ ಮುಂದಾದರೆ, ಇದು ನನ್ನ ಖಾಸಗಿ ವ್ಯವಹಾರವೆಂದು ಲಾರ್ಡ್ ನಿರಾಕರಿಸಿದ. 1900ರಲ್ಲಿ ಗಣಿಯೊಳಗೆ ಸಂಘದ ಚಂದಾ ಎತ್ತುವುದಕ್ಕೂ ನಿಷೇಧ ಬಂತು. ಆ ವರ್ಷದ ನವೆಂಬರ್ 22ರಂದು ಸುಮಾರು 2,800 ಜನ ಹೊರಬಂದರು. ಹೋರಾಟ ಮೂರು ವರ್ಷ ನಡೆಯಿತು. ಗಾಯನ ತಂಡಗಳು ಬ್ರಿಟನ್ನಿನ ಊರೂರು ಸುತ್ತಿ ಹಾಡಿ ಹಣ ಕೂಡಿಸಿದವು. ನೂರಾರು ಮಂದಿ ದಕ್ಷಿಣ ವೇಲ್ಸಿನ ಕಲ್ಲಿದ್ದಲ ಗಣಿಗಳಿಗೆ ಗುಳೆ ಹೋದರು.

1901ರ ಜೂನ್‌ನಲ್ಲಿ ಸುಮಾರು 400 ಜನ ಕೆಲಸಕ್ಕೆ ಮರಳಿದರು. ಲಾರ್ಡ್ ಅವರಿಗೆ ತಲಾ ಒಂದು ಚಿನ್ನದ ನಾಣ್ಯ ಕೊಟ್ಟ. ಉಳಿದವರ ಕಿಟಕಿಗಳಲ್ಲಿ ಅಚ್ಚುಹಾಕಿಸಿದ ಚೀಟಿಗಳು ಕಾಣಿಸಿಕೊಂಡವು: ‘ಈ ಮನೆಯಲ್ಲಿ ದ್ರೋಹಿ ಇಲ್ಲ.’ ಚೀಟಿ ಇಳಿಸಿದ ಮನೆಯವರು ಕೆಲಸಕ್ಕೆ ಹೋದರೆಂದು ಬೀದಿಗೆಲ್ಲ ತಿಳಿಯುತ್ತಿತ್ತು. ಕೋಟೆಯಲ್ಲಿ ವಿಕ್ಟೋರಿಯಾ ರಾಣಿಗಾಗಿ ಮಾಡಿಸಿದರೆನ್ನಲಾದ ಒಂದು ಟನ್ ತೂಕದ ಸ್ಲೇಟಿನ ಮಂಚವಿದೆ. ಟೆಲಿವಿಷನ್ನಿನವರು ಸಾಮಾನ್ಯವಾಗಿ ಕ್ಯಾಮೆರಾ ತಿರುಗಿಸುವುದು ಅದರ ಕಡೆಗೆ. ನನಗೆ ಕೇಳಿದರೆ, ತೋರಿಸಬೇಕಾದದ್ದು ಆ ಅಂಗೈಯಗಲದ ಚೀಟಿಯನ್ನು.

1903ರ ನವೆಂಬರಿನಲ್ಲಿ ಕಾರ್ಮಿಕರು ಸೋತರು. ಬಹಳ ಜನರಿಗೆ ಮತ್ತೆ ಕೆಲಸ ಸಿಗಲಿಲ್ಲ. ಲಾರ್ಡ್ ಪೆನ್ರಿನ್ 1907ರಲ್ಲಿ ತೀರಿಕೊಂಡ. ಅಷ್ಟರಲ್ಲಿ ವೇಲ್ಸಿನ ಸ್ಲೇಟಿಗೆ ಬೇಡಿಕೆಯೂ ಇಳಿಮುಖವಾಗಿತ್ತು. 1951ರಲ್ಲಿ ಕೋಟೆ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಕೈಸೇರಿತು. 2021ರಲ್ಲಿ ಯುನೆಸ್ಕೊ ಆ ಸ್ಲೇಟು ಸೀಮೆಯನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಕೋಟೆಗೆ ಇಂದು ಯಾರು ಬೇಕಾದರೂ ಟಿಕೆಟು ಕೊಂಡು ಹೋಗಬಹುದು. ಆದರೂ ಆ ಹೊಸ್ತಿಲು ತುಳಿಯುವುದಿಲ್ಲವೆಂಬ ಪಟ್ಟನ್ನು ಬೆಥೆಸ್ಡಾದ ಕೆಲವು ಮನೆತನಗಳು ತಲೆಮಾರುಗಳವರೆಗೆ ಬಿಡಲಿಲ್ಲ.